ಅಮಾವಾಸ್ಯೆಗೊಮ್ಮೆ ಕೈಕೊಡುತ್ತಿದ್ದ ಬ್ರೇಕ್

ಎಂಜಿನ್ ಕೆಟ್ಟರೆ ಗಾಡಿ ನಿಲ್ಲುತ್ತದೆ, ಬ್ರೇಕ್ ಕೆಟ್ಟರೆ ನಿಲ್ಲುವುದಿಲ್ಲ. ನಮ್ಮ ಕಸುಬಿನ ಶಾಸ್ತ್ರವೆಲ್ಲ ಇಷ್ಟೇ. ಆದರೂ ಗ್ಯಾರೇಜಿಗೆ ಬಂದವರು ನಮಸ್ಕಾರ ಮಾಡುವುದು ಎಂಜಿನ್ ಮಿಸ್ತ್ರಿಗೆ. ಬ್ರೇಕಿನವನು ಗಾಡಿಯ ಕೆಳಗೆ ಅಂಗಾತ ಮಲಗಿರುತ್ತಾನೆ, ಹೊರಗೆ ಕಾಣುವುದು ಅವನ ಎರಡು ಕಾಲು ಮಾತ್ರ. ನಮ್ಮ ಜನಕ್ಕೆ ಕಂಡ ಕಾಲಿಗೆಲ್ಲ ಬೀಳುವ ಅಭ್ಯಾಸವಿದ್ದರೂ ಈ ಕಾಲಿಗೆ ಯಾರೂ ಬಿದ್ದದ್ದು ನಾನು ನೋಡಿಲ್ಲ.

ಹೊಸದಾಗಿ ಈ ಕೆಲಸಕ್ಕೆ ಸೇರುವವರು ನನ್ನನ್ನು ಕಂಡಾಗ, ಎಲ್ಲೆಲ್ಲಿ ಇದ್ದಿರಿ, ಎಷ್ಟು ಮೇಲೇರಿದಿರಿ ಎಂದು ಕೇಳುತ್ತಾರೆ. ನಾನು ಮೇಲೇರಲಿಲ್ಲ, ಗಾಡಿಯ ಕೆಳಗೇ ಇದ್ದೆ. ಹೀಗಾಗಿ ಹುದ್ದೆಯ ಮಾತು ಬಿಟ್ಟು ನನ್ನ ತಪ್ಪುಗಳನ್ನು ಬರೆಯುತ್ತೇನೆ. ಅವಕ್ಕೇನೂ ಕೊರತೆಯಿಲ್ಲ.

ಐವತ್ತರ ದಶಕದ ಕೊನೆಗೆ ನಾನು ಕೊಲ್ಹಾಪುರದ ಉದ್ಯಮನಗರದಲ್ಲಿ ದಸ್ತಗೀರ ಉಸ್ತಾದರ ಗ್ಯಾರೇಜು ಸೇರಿದೆ. ಗಾಡಿ ಒಳಗೆ ಬಂದ ಕೂಡಲೇ ಪಾನಾ, ಎಂದರೆ ಸ್ಪ್ಯಾನರ್, ಹಿಡಿದು ಓಡಿದರೆ ಉಸ್ತಾದರು ಗದರುತ್ತಿದ್ದರು.

“ಕಲ್ಲಪ್ಪಾ, ಪಾನಾ ಕೆಳಗಿಡ. ಮೊದಲ ಡ್ರೈವರನ್ನ ಕೇಳ. ಗಾಡಿಗಿ ಬಾಯಿಲ್ಲ, ಅವಗ ಐತಿ.”

ಡ್ರೈವರನಿಗೆ ಚಹಾ ಬರುತ್ತಿತ್ತು. ಉಸ್ತಾದರು ಅವನ ಮಗ್ಗುಲಲ್ಲಿ ಕುಳಿತು ಊರು, ಮನೆ, ಮಳೆ ಎಲ್ಲ ವಿಚಾರಿಸಿ ಕೊನೆಗೆ ಬ್ರೇಕಿಗೆ ಬರುತ್ತಿದ್ದರು. ಪೆಡಲ್ ಮೆತ್ತಗಾಗಿದೆ ಎಂದರೆ ಕೊಳವೆಯಲ್ಲಿ ಗಾಳಿ ಸೇರಿದೆ. ಗಾಡಿ ಒಂದು ಕಡೆ ಜಗ್ಗುತ್ತದೆ ಎಂದರೆ ಯಾವುದೋ ಗಾಲಿಯ ಲೈನಿಂಗಿಗೆ, ಎಂದರೆ ಡ್ರಮ್ಮನ್ನು ಒತ್ತಿ ಹಿಡಿಯುವ ಪಟ್ಟಿಗೆ, ಎಣ್ಣೆಯೋ ಗ್ರೀಸೋ ತಗಲಿದೆ. ಪೆಡಲ್ ಗಟ್ಟಿಯಿದ್ದೂ ಗಾಡಿ ನಿಲ್ಲದಿದ್ದರೆ ಲೈನಿಂಗ್ ಸುಟ್ಟು ಗಾಜಿನಂತೆ ನುಣುಪಾಗಿದೆ. ಇದನ್ನೆಲ್ಲ ಅವರು ಚಹಾದ ಬಟ್ಟಲು ಕೆಳಗಿಡುವುದರೊಳಗೆ ಹೇಳುತ್ತಿದ್ದರು. ಆಮೇಲೆ ಗಾಡಿಯನ್ನು ಗೋಕುಳ ಶಿರಗಾಂವದ ಕಡೆ ಹೊಡೆದುಕೊಂಡು ಹೋಗುವುದು. ಆಗ ಅಲ್ಲಿ ಬರೀ ಹೊಲ, ರಸ್ತೆಯ ಮೇಲೆ ಎಮ್ಮೆ ಬಿಟ್ಟರೆ ಯಾರೂ ಇರುತ್ತಿರಲಿಲ್ಲ. ತಿರುಗಿ ಬಂದ ಮೇಲೆ ನಾಲ್ಕೂ ಗಾಲಿಯ ಡ್ರಮ್ಮಿನ ಹತ್ತಿರ ಅಂಗೈಯ ಹಿಂಬದಿ ಹಿಡಿದು ಕಾವು ನೋಡಬೇಕು.

“ಒಂದ ಗಾಲಿ ಬಿಸಿ ಇದ್ರ ಆ ಗಾಲಿ ಬಿಚ್ಚಿ ನೋಡ. ನಾಕೂ ಬಿಸಿ ಇದ್ರ ಎರಡ ಜಾಗಾ ನೋಡ. ಡ್ರೈವರನ ಕಾಲ ನೋಡ, ಮಾಸ್ಟರ್ ಸಿಲಿಂಡರ್ ನೋಡ” ಎನ್ನುತ್ತಿದ್ದರು.

ಮಾಸ್ಟರ್ ಸಿಲಿಂಡರ್ ಎಂದರೆ ಪೆಡಲ್ಲಿನ ಕೆಳಗಿರುವ ಪಂಪು. ಕಾಲು ಒತ್ತಿದಾಗ ಅಲ್ಲಿಂದ ಎಣ್ಣೆ ನಾಲ್ಕೂ ಗಾಲಿಗೆ ಹೋಗಿ ಬ್ರೇಕು ಹಿಡಿಯುತ್ತದೆ. ಕಾಲು ತೆಗೆದಾಗ ಅದೇ ಎಣ್ಣೆ ತಿರುಗಿ ಬರಬೇಕು.

ಇಷ್ಟು ಕಲಿಸಿದರೂ ನನ್ನ ಕೈ ಪಾನಾದ ಕಡೆಗೇ ಹೋಗುತ್ತಿತ್ತು. ಒಬ್ಬ ಡಾಕ್ಟರರ ಗಾಡಿ ಎಡಕ್ಕೆ ಜಗ್ಗುತ್ತದೆ ಎಂದು ಬಂತು. ನಾನು ಯಾರನ್ನೂ ಕೇಳದೆ ನಾಲ್ಕೂ ಗಾಲಿ ಬಿಚ್ಚಿದೆ, ಲೈನಿಂಗ್ ಉಜ್ಜಿದೆ, ಕೊಳವೆ ತೊಳೆದೆ. ಎರಡು ದಿನ ಕಳೆದರೂ ಗಾಡಿ ಎಡಕ್ಕೇ. ಮೂರನೇ ದಿನ ಡಾಕ್ಟರು ಬಂದು ನಿಂತಾಗ ಉಸ್ತಾದರು ಮುಂದಿನ ಎಡಗಾಲಿಯನ್ನು ಕಾಲಿನಿಂದ ಒದ್ದು ನೋಡಿದರು. ಟಾಯರಿನಲ್ಲಿ ಗಾಳಿ ಕಡಿಮೆಯಿತ್ತು, ಅಷ್ಟೇ.

“ಡಾಕ್ಟರ್, ನೆಗಡಿ ಆದ್ರ ನೀವು ಹೊಟ್ಟಿ ಕೊಯ್ತೀರೇನ್ರಿ?”

“ಛೆ, ಇಲ್ರಿ.”

“ನಮ್ಮ ಕಲ್ಲಪ್ಪ ಕೊಯ್ತಾನ.”

ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಗಾಡಿಯ ಕೆಳಗೆ ಹೋಗಿ ಮಲಗಿಕೊಂಡೆ. ಅಲ್ಲಿ ಮಾಡಲು ಏನೂ ಕೆಲಸವಿರಲಿಲ್ಲ.

ಅಂದಿನ ಪದ್ಧತಿಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಲೈನಿಂಗನ್ನು ನಾವೇ ರಿವೆಟ್ ಹೊಡೆದು ಕೂಡಿಸುತ್ತಿದ್ದೆವು, ಡ್ರಮ್ಮಿನ ಧೂಳನ್ನು ಬಾಯಿಂದ ಉಫ್ ಎಂದು ಊದುತ್ತಿದ್ದೆವು. ಅದು ಎದೆಗೆ ವಿಷ ಎಂದು ಯಾರಿಗೂ ಗೊತ್ತಿರಲಿಲ್ಲ. ನೀವು ಯಾರೂ ಊದಬೇಡಿ. ಬ್ರೇಕ್ ಎಣ್ಣೆ ಎಂದರೆ ಆಗ ಔಡಲೆಣ್ಣೆ ಮತ್ತು ಸ್ಪಿರಿಟ್ ಕೂಡಿಸಿದ್ದು, ಡಬ್ಬಿ ತೆರೆದರೆ ಹೆಂಡ-ಸೆರೆಯ ವಾಸನೆ. ಈಗಿನದು ಬೇರೆ. ಈಗ ದೋಷವನ್ನು ಯಂತ್ರವೇ ಹುಡುಕಿ ಹೇಳುತ್ತದಂತೆ. ಒಳ್ಳೆಯದೇ ಆಯಿತು, ಆದರೆ ಚಹಾ ತರಿಸುವುದನ್ನು ಬಿಡಬೇಡಿ.

ಅರವತ್ತರ ಸುಮಾರಿಗೆ ಉಸ್ತಾದರು ಇಚಲಕರಂಜಿಯಲ್ಲಿ ಇನ್ನೊಂದು ಸಣ್ಣ ಗ್ಯಾರೇಜು ತೆರೆದು ನನ್ನನ್ನು ಅಲ್ಲಿ ಕೂರಿಸಿದರು. ತಾವು ವಾರಕ್ಕೊಮ್ಮೆ ಬಂದು ನೋಡುತ್ತಿದ್ದರು. ನನ್ನ ಬದುಕಿನ ದೊಡ್ಡ ತಪ್ಪು ನಡೆದದ್ದು ಅಲ್ಲಿ.

ಕಬನೂರಿನಲ್ಲಿ ಅಪ್ಪಾಸಾಬ ಸಾವಕಾರರ ವಿದ್ಯುತ್ ಮಗ್ಗದ ಕಾರಖಾನೆ ಇತ್ತು. ಅವರ ಕರಿ ಬಣ್ಣದ ವಿಲಾಯತಿ ಗಾಡಿ ಹೊಡೆಯುತ್ತಿದ್ದವನು ಕೊರೋಚಿಯ ಶಿದ್ರಾಮ. ನನಗಿಂತ ಹತ್ತು ವರ್ಷ ಹಿರಿಯ, ಮಾತು ಕಡಿಮೆ. ಗಾಡಿಯನ್ನು ಎಮ್ಮೆ ತೊಳೆದ ಹಾಗೆ ದಿನಾ ತೊಳೆಯುತ್ತಿದ್ದ. ಸಾವಕಾರರ ತಾಯಿಯನ್ನು ಎಲ್ಲರೂ ಅವ್ವಾರು ಎನ್ನುತ್ತಿದ್ದರು. ಅವರ ತವರು ಗಡಹಿಂಗ್ಲಜ. ಪ್ರತಿ ಅಮಾವಾಸ್ಯೆಗೆ ಅಲ್ಲಿಯ ಮಠಕ್ಕೆ ಹೋಗಿ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರುವುದು ಅವರ ನೇಮ. ಅಂದು ಕಾರಖಾನೆಗೂ ಬಿಡುವು. ಬೆಳಿಗ್ಗೆ ಮಗ್ಗಗಳನ್ನು ಒರೆಸಿ, ಎಣ್ಣೆ ಬಿಟ್ಟು, ವಿಭೂತಿ ಹಚ್ಚಿ ಕಾಯಿ ಒಡೆಯುತ್ತಿದ್ದರು. ಮಗ್ಗದ ಪೂಜೆ ಮುಗಿದ ಮೇಲೆ ಗಾಡಿಯ ಪೂಜೆ, ಗಾಡಿಯ ಪೂಜೆ ಆದ ಮೇಲೆ ಅವ್ವಾರ ಪಯಣ.

ಒಂದು ಅಮಾವಾಸ್ಯೆ ಗಡಹಿಂಗ್ಲಜದಿಂದ ತಿರುಗಿ ಬರುವಾಗ, ನಿಪ್ಪಾಣಿಯ ಮುಂಚೆ ತವಂದಿ ಘಾಟ ಇಳಿಯುವಲ್ಲಿ ಪೆಡಲ್ ನೆಲಕ್ಕೆ ಹೋಯಿತು. ಶಿದ್ರಾಮ ಹ್ಯಾಂಡ್‌ಬ್ರೇಕ್ ಎಳೆದು, ಗೇರು ಇಳಿಸಿ, ಗಾಡಿಯನ್ನು ಗುಡ್ಡದ ಮಗ್ಗುಲಿಗೆ ತಿಕ್ಕಿ ನಿಲ್ಲಿಸಿದ. ಅವ್ವಾರ ಹಣೆ ಮುಂದಿನ ಸೀಟಿಗೆ ಬಡಿದು ಬಾತಿತು. ಮರುದಿನ ಗಾಡಿ ನನ್ನ ಹತ್ತಿರ ಬಂದಾಗ ಪೆಡಲ್ ಕಲ್ಲಿನಂತೆ ಗಟ್ಟಿ! ನಾಲ್ಕೂ ಗಾಲಿ ಬಿಚ್ಚಿದೆ, ಲೈನಿಂಗ್ ಸುಟ್ಟಿದ್ದವು. ಮಾಸ್ಟರ್ ಸಿಲಿಂಡರಿನ ಮುಚ್ಚಳ ಎತ್ತಿದೆ, ಎಣ್ಣೆ ತುಂಬಿತ್ತು. ತುಂಬಿದೆಯಲ್ಲ ಎಂದು ಮುಚ್ಚಿದೆ. ಹೊಸ ಲೈನಿಂಗ್ ಹಾಕಿ ಕೊರೋಚಿಯವರೆಗೆ ಹೊಡೆದು ಬಂದೆ. ಏನೂ ದೋಷ ಕಾಣಲಿಲ್ಲ.

ಮುಂದಿನ ಅಮಾವಾಸ್ಯೆ ಅದೇ ಘಾಟಿನಲ್ಲಿ ಅದೇ ಕಥೆ. ಈ ಸಲ ಗಾಡಿ ಒಂದು ಮರಕ್ಕೆ ತಗಲಿ ನಿಂತಿತು. ಮರದ ಆಚೆ ಏನಿತ್ತು ಎಂಬುದನ್ನು ಅವ್ವಾರು ಮನೆಯಲ್ಲಿ ಯಾರಿಗೂ ಹೇಳಲಿಲ್ಲವಂತೆ. ಊರವರು ಅಮಾವಾಸ್ಯೆಯ ಕಾಟ, ನಿಂಬೆಹಣ್ಣು ಕಟ್ಟಿ ಎಂದರು. ನಾನು ನಕ್ಕೆ. ನಗುವುದು ಸುಲಭವಿತ್ತು, ಹುಡುಕುವುದು ಕಷ್ಟವಿತ್ತು. ಹೊಸ ಲೈನಿಂಗು ಒಂದೇ ತಿಂಗಳಲ್ಲಿ ಕರಿಕಾಗಿದ್ದವು. ಸಾವಕಾರರು ಗ್ಯಾರೇಜಿಗೇ ಬಂದು ಏನಾಗಿದೆ ಎಂದು ಕೇಳಿದಾಗ, ಶಿದ್ರಾಮ ಮಗ್ಗುಲಲ್ಲೇ ನಿಂತಿದ್ದರೂ ನಾನು ಹೇಳಿಬಿಟ್ಟೆ.

“ಗಾಡ್ಯಾಗ ದೋಷ ಇಲ್ರಿ ಸಾವಕಾರ್ರ. ಡ್ರೈವರ್ ಬ್ರೇಕ್ ಮ್ಯಾಲ ಕಾಲಿಟ್ಕೊಂಡ ಹೊಡ್ಯಾಕತ್ತಾನ. ಅದಕ್ಕ ಸುಡತೈತಿ.”

ಸಾವಕಾರರ ಮುಖ ಕೆಂಪಾಯಿತು. “ನಮ್ಮವ್ವ ಮೊದಲ ಹೇಳಿದ್ಲು, ಇಂವಾ ಕುಡೀತಾನ, ಗಾಡ್ಯಾಗ ವಾಸನಿ ಬರತೈತಿ ಅಂತ. ನಾ ನಂಬಿರಲಿಲ್ಲ.”

“ಇಲ್ರಿ, ನಾ ಮುಟ್ಟಿಲ್ರಿ. ಇಬತ್ತಿ ಮುಟ್ಟಿ ಹೇಳೇನ್ರಿ” ಎಂದು ಶಿದ್ರಾಮ ಹಣೆಯ ವಿಭೂತಿ ಮುಟ್ಟಿಕೊಂಡ.

“ಬರೂ ಅಮಾಸಿ ಒಳಗ ಬ್ಯಾರೆ ಡ್ರೈವರ್ ಬರ್ತಾನ. ನಿನ್ನ ಲೈಸೆನ್ಸಿನ ಸಲುವಾಗಿ ಪೊಲೀಸರಿಗೂ ಬರೀತೇನಿ.”

ಆಗ ನಮ್ಮ ಕಡೆ ದಾರೂಬಂದಿ, ಎಂದರೆ ಪಾನನಿಷೇಧ, ಇತ್ತು. ಕುಡಿದು ಗಾಡಿ ಹೊಡೆದ ಎಂಬ ಮಾತು ಪೊಲೀಸರ ಕಿವಿಗೆ ಬಿದ್ದರೆ ಕೆಲಸವಷ್ಟೇ ಅಲ್ಲ, ಅವನ ಇಡೀ ಕಸುಬೇ ಮುಗಿಯುತ್ತಿತ್ತು. ಶಿದ್ರಾಮ ನನ್ನ ಕಡೆ ನೋಡಿದ. ಸಿಟ್ಟಿನಿಂದ ನೋಡಿದ್ದರೆ ನಾನು ಮರೆಯುತ್ತಿದ್ದೆ. ಅವನು, ಇದನ್ನು ನೀನಾದರೂ ತಿಳಿದು ಹೇಳುತ್ತಿರುವೆಯಾ ಎಂದು ಕೇಳುವವನಂತೆ ನೋಡಿದ. ನಾನು ತಿಳಿದು ಹೇಳಿರಲಿಲ್ಲ.

ಆ ವಾರ ಉಸ್ತಾದರು ಬಂದಾಗ ದೋಷ ಹಿಡಿದೆ ಎಂದು ಜಂಬದಿಂದ ಹೇಳಿದೆ. ಅವರು ಪೂರ್ತಿ ಕೇಳಿ, “ಶಿದ್ರಾಮನ್ನ ಕೇಳಿದೇನು?” ಎಂದರು.

“ಸಾವಕಾರ್ರ ಮುಂದ ಕೇಳಿದ್ನಿರಿ.”

“ಸಾವಕಾರ್ರ ಮುಂದ ಅಂವಾ ಏನ ಹೇಳ್ಯಾನ? ನಾಕೂ ಗಾಲಿ ಬಿಸಿ ಇದ್ರ ಎರಡ ಜಾಗಾ ನೋಡಂದಿದ್ನಿ. ನೀ ಒಂದ ನೋಡಿದಿ. ಯಾಕಂದ್ರ ಮಂದಿ ಕಾಲಿಗಿ ದೋಷ ಹಚ್ಚೂದು ಸಸಾರ, ಸಿಲಿಂಡರ್ ಬಿಚ್ಚೂದು ತ್ರಾಸ. ಹೌದಿಲ್ಲೊ?”

ನಾನು ಕೈಯಲ್ಲಿದ್ದ ಪಾನಾ ಕೆಳಗಿಟ್ಟೆ.

ಮರುದಿನ ಸಾವಕಾರರ ಕೈಕಾಲು ಹಿಡಿದು ಗಾಡಿಯನ್ನು ಒಂದು ದಿನಕ್ಕೆ ಕೇಳಿಕೊಂಡೆ. ಶಿದ್ರಾಮನೇ ಹೊಡೆಯಬೇಕು, ನಾನು ಮಗ್ಗುಲಲ್ಲಿ ಕೂಡುತ್ತೇನೆ, ಗಡಹಿಂಗ್ಲಜಕ್ಕೆ ಹೋಗಿ ಬರುತ್ತೇವೆ. ಬೆಳಿಗ್ಗೆ ಹೊರಟೆವು. ದಾರಿಯುದ್ದಕ್ಕೂ ನಾನು ಹೊರಗೆ ನೋಡಲೇ ಇಲ್ಲ, ಅವನ ಬಲಗಾಲನ್ನೇ ನೋಡಿದೆ. ಅವನು ಚಪ್ಪಲಿ ಬಿಟ್ಟು ಹೊಡೆಯುತ್ತಿದ್ದ. ಬೇಕಾದಾಗ ಮಾತ್ರ ಕಾಲು ಬ್ರೇಕಿಗೆ ಹೋಗುತ್ತಿತ್ತು, ಕೂಡಲೇ ತಿರುಗಿ ಬರುತ್ತಿತ್ತು. ಗಡಹಿಂಗ್ಲಜ ತಲುಪಿ ಕೆಳಗಿಳಿದು ಕೈ ಹಿಡಿದರೆ ನಾಲ್ಕೂ ಡ್ರಮ್ಮು ಕಾದ ಹಂಚಿನಂತಿದ್ದವು. ನನ್ನ ಮುಖ ಇಳಿದುಹೋಯಿತು. ಹಿರಣ್ಯಕೇಶಿ ಹೊಳೆಯ ಹತ್ತಿರ ಚಹಾ ಕುಡಿದೆವು. ಚಹಾದ ದುಡ್ಡು ನಾನೇ ಕೊಟ್ಟೆ.

ತಿರುಗಿ ಬರುವಾಗ ತವಂದಿ ಘಾಟಿನ ಮೇಲೆ, ಇಳಿಜಾರು ಶುರುವಾಗುವ ಮೊದಲೇ ಸಪಾಟು ಜಾಗ ನೋಡಿ ನಿಲ್ಲಿಸಿದೆ. ಗಾಲಿಗಳಿಗೆ ಕಲ್ಲು ಕೊಟ್ಟು ಮುಂದಿನ ಒಂದು ಗಾಲಿಯನ್ನು ಜಾಕಿನಿಂದ ಎತ್ತಿದೆವು. ಬ್ರೇಕಿನ ಮೇಲೆ ಯಾರ ಕಾಲೂ ಇಲ್ಲ, ಆದರೂ ಗಾಲಿ ಇಬ್ಬರು ಸೇರಿ ತಿರುಗಿಸಿದರೂ ತಿರುಗಲೊಲ್ಲದು. ಕೆಳಗೆ ಮಲಗಿ ಗಾಳಿ ಬಿಡುವ ಸಣ್ಣ ತಿರುಪು ಸಡಿಲಿಸಿದೆ. ಎಣ್ಣೆ ಚಿರ್ ಎಂದು ನನ್ನ ಕೈಗೆ ಹಾರಿತು, ಗಾಲಿ ಬಿಟ್ಟುಕೊಂಡಿತು. ಎಂದರೆ ಗಾಲಿಗೆ ಹೋದ ಎಣ್ಣೆ ಮಾಸ್ಟರ್ ಸಿಲಿಂಡರಿಗೆ ತಿರುಗಿ ಬರುತ್ತಲೇ ಇರಲಿಲ್ಲ.

ಕೈ ಒರೆಸಿಕೊಳ್ಳುವಾಗ ಮೂಗಿಗೆ ವಾಸನೆ ಬಂತು. ಸ್ಪಿರಿಟ್ಟಿನ ವಾಸನೆ ನಾಮಕಾವಾಸ್ತೆ ಇತ್ತು. ಅದರ ಮೇಲೆ ನನ್ನ ಅಪ್ಪನ ಅಂಗಿಯ ವಾಸನೆ. ಅಪ್ಪ ರಬಕವಿ ಕಡೆಯಿಂದ ಬಂದು ಇಚಲಕರಂಜಿಯಲ್ಲಿ ಮಗ್ಗ ನಡೆಸಿದವನು. ನಮ್ಮ ಮನೆಯಲ್ಲಿ ರೊಟ್ಟಿಗೂ ಅದೇ ವಾಸನೆ ಇರುತ್ತಿತ್ತು. ಮಗ್ಗದ ಎಣ್ಣೆಯ ವಾಸನೆ ಗುರುತಿಸಲು ನನಗೆ ಒಂದು ತಿಂಗಳಿಗಿಂತ ಹೆಚ್ಚು ಬೇಕಾಯಿತಲ್ಲ ಎಂದು ನಾಚಿಕೆಯಾಯಿತು.

“ಶಿದ್ರಾಮಣ್ಣಾ, ಇದರಾಗ ಮಗ್ಗದ ಎಣ್ಣಿ ಹಾಕಿಯೇನು?”

ಅವನು ರಸ್ತೆಯ ಮಗ್ಗುಲಿನ ಕಲ್ಲಿನ ಮೇಲೆ ಕುಳಿತುಬಿಟ್ಟ.

“ಏನ ಮಾಡ್ಲಿರಿ ಮಿಸ್ತ್ರಿ? ಪೆಡಲ್ ಬುಡಕ ಎಣ್ಣಿ ಜರಾ ಸೋರ್ತಿತ್ತು. ಅದರ ನಾತಾ ಗಾಡಿ ತುಂಬ. ಅವ್ವಾರು ಮೂಗ ಮುಚ್ಕೊಂಡು, ಕುಡದ ಬಂದೀಯೇನೋ ಅಂದ್ರು. ಇಬತ್ತಿ ಮುಟ್ಟಿ ಆಣಿ ಮಾಡಿದ್ನಿ. ಆಣಿ ಮಾಡಿದ್ರೂ ನಾತಾ ಹೋಗಬೇಕಲ್ರಿ? ಅಮಾಸಿ ದಿನ ಮಗ್ಗಕ್ಕ ಎಣ್ಣಿ ಬಿಡಾಕತ್ತಿದ್ರು. ನೀರಿನಂಗ ತಿಳಿ ಇತ್ತು, ಪೂಜಿ ಆದ ಎಣ್ಣಿ. ಇಷ್ಟ ದೊಡ್ಡ ಮಗ್ಗ ನಡಸೂ ಎಣ್ಣಿ ಗಾಡಿಗೇನ ಮಾಡೀತು ಅಂತ ಹಾಕಿದ್ನಿರಿ. ಸೋರಿದಾಗೊಮ್ಮೆ ಅದನ್ನ ಹಾಕ್ಕೋತ ಬಂದ್ನಿ. ನಾತಾ ಹೋತು. ಅವ್ವಾರು ಖುಷಿ ಆದ್ರು.”

ಮಗ್ಗಕ್ಕೆ ಆ ಎಣ್ಣೆ ಅಮೃತ, ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರಿಗೆ ವಿಷ. ಅದು ತಗಲಿದರೆ ರಬ್ಬರ್ ಉಬ್ಬುತ್ತದೆ. ಉಬ್ಬಿದ ರಬ್ಬರ್ ಎಣ್ಣೆ ತಿರುಗಿ ಬರುವ ಸೂಜಿಮೊನೆಯಷ್ಟು ತೂತನ್ನು ಮುಚ್ಚುತ್ತದೆ. ಗಾಲಿಗಳು ಅರ್ಧ ಬ್ರೇಕು ಹಿಡಿದುಕೊಂಡೇ ಓಡುತ್ತವೆ, ಕಾಯುತ್ತವೆ. ಉಳಿದ ಸ್ಪಿರಿಟು ಕುದ್ದು ಆವಿಯಾಗುತ್ತದೆ, ಆವಿ ಕಾಲಿನ ಒತ್ತನ್ನು ಗಾಲಿಗೆ ಮುಟ್ಟಿಸುವುದಿಲ್ಲ, ಸರಿಯಾಗಿ ಘಾಟಿನಲ್ಲಿ ಪೆಡಲ್ ನೆಲಕ್ಕೆ ಇಳಿಯುತ್ತದೆ. ಮರುದಿನ ಎಲ್ಲ ತಣ್ಣಗಾಗಿ ಗಾಡಿ ಸಾಧುವಿನಂತೆ ನಿಂತಿರುತ್ತದೆ. ಅಮಾವಾಸ್ಯೆಯ ಕಾಟವೇನೂ ಅಲ್ಲ, ಆ ಗಾಡಿ ಅಷ್ಟು ದೂರ ಓಡುತ್ತಿದ್ದದ್ದು ಅಮಾವಾಸ್ಯೆಗೆ ಮಾತ್ರ.

ಗಾಡಿ ಪೂರ್ತಿ ಆರುವವರೆಗೆ ಕಾದು, ಮೊದಲನೇ ಗೇರಿನಲ್ಲಿ ಎತ್ತಿನ ಬಂಡಿಯಂತೆ ಘಾಟ ಇಳಿಸಿದೆವು. ಕೆಳಗೆ ಬಂದ ಮೇಲೆ ಶಿದ್ರಾಮ ಕೈಮುಗಿದ.

“ಸಾವಕಾರ್ರಿಗಿ ಇದನ್ನ ಹೇಳಬ್ಯಾಡ್ರಿ. ಎಣ್ಣಿ ಕಲಸಿ ಅವ್ವಾರನ್ನ ಸಾಯ್ಸಾಕ ಹೊಂಟಿದ್ದ ಅಂತ ಇವತ್ತ ಕೆಲಸ ಬಿಡಸ್ತಾರ.”

ನನಗೂ ಮುಚ್ಚಿಡುವುದೇ ಅನುಕೂಲವಿತ್ತು. ರಬ್ಬರ್ ಹಳೆಯದಾಗಿತ್ತು ಎಂದರೆ ಮುಗಿಯುತ್ತಿತ್ತು, ನನ್ನ ಮರ್ಯಾದೆಯೂ ಉಳಿಯುತ್ತಿತ್ತು. ಆದರೆ ಎಣ್ಣೆಯ ಮಾತು ಎತ್ತದೆ ಸೆರೆಯ ಮಾತನ್ನು ಅಳಿಸುವುದು ಹೇಗೆ? ಅವನ ಹೆಸರಿಗೆ ಹತ್ತಿದ ಮಸಿ ಹೋಗಬೇಕಾದರೆ ಪೂರ್ತಿ ಸತ್ಯವನ್ನೇ ಹೇಳಬೇಕಿತ್ತು, ಅದರಲ್ಲಿ ನನ್ನ ಪಾಲನ್ನು ಮೊದಲು ಹೇಳಬೇಕಿತ್ತು.

ಮಾಸ್ಟರ್ ಸಿಲಿಂಡರ್ ಬಿಚ್ಚಿ, ಉಬ್ಬಿದ ರಬ್ಬರು, ಅದೇ ಅಳತೆಯ ಹೊಸ ರಬ್ಬರು, ಬ್ರೇಕ್ ಎಣ್ಣೆಯ ಒಂದು ಹೊಸ ಡಬ್ಬಿ ಹಿಡಿದು ಸಾವಕಾರರ ಮನೆಗೆ ಹೋದೆ. ಶಿದ್ರಾಮ ಬಾಗಿಲಲ್ಲೇ ನಿಂತ. ಅವ್ವಾರು ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದರು. ಹಣೆಯ ಬಾವು ಇಳಿದು ಕಲೆ ಉಳಿದಿತ್ತು. ನಾನು ಎರಡು ಸಲ ಗಾಡಿ ನೋಡಿಯೂ ನೋಡಲಿಲ್ಲ, ಕಾಲಿನ ಮಾತು ಸುಳ್ಳು ಹೇಳಿದೆ, ತಪ್ಪು ನನ್ನದು ಎಂದೆ. ನಂತರ ಎಣ್ಣೆಯ ಕಥೆ ಹೇಳಿದೆ. ಕೊನೆಗೆ ಡಬ್ಬಿ ತೆರೆದು ಅವ್ವಾರ ಮುಂದೆ ಇಟ್ಟೆ. ಅವರು ಬಗ್ಗಿ ಮೂಸಿದರು, ಕೂಡಲೇ ಸೆರಗು ಮೂಗಿಗೆ ಹೋಯಿತು.

“ಶಿವ ಶಿವಾ! ಅವತ್ತ ಬಂದದ್ದು ಇದ ನಾತಾ!”

“ಹೌದ್ರಿ ಅವ್ವಾರ. ಸೆರಿ ಕುಡ್ಯಾಕತ್ತಿದ್ದು ಗಾಡಿರಿ, ಶಿದ್ರಾಮ ಅಲ್ರಿ.”

ಯಾರೂ ನಗಲಿಲ್ಲ. ಅವ್ವಾರು ಉಬ್ಬಿದ ರಬ್ಬರನ್ನು ಕೈಯಲ್ಲಿ ಹಿಡಿದು ಹೊರಳಿಸಿ ಹೊರಳಿಸಿ ನೋಡಿದರು.

“ಅಪ್ಪಾಸಾಬ, ಅಂವಾ ಇಬತ್ತಿ ಮುಟ್ಟಿ ಹೇಳಿದ್ದಪಾ. ಆಣಿ ಮಾಡಿಸಿದಾಕಿ ನಾನ, ನಂಬಲಾರದಾಕಿನೂ ನಾನ. ನಾ ನಂಬಿದ್ರ ಅಂವಾ ಎಣ್ಣಿ ಯಾಕ ಬದಲ ಮಾಡ್ತಿದ್ದ?” ಆಮೇಲೆ ಬಾಗಿಲಿನ ಕಡೆ ತಿರುಗಿದರು. “ನೀನೂ ಭಾಳ ಶಾಣ್ಯಾ ಅದಿಯೋ! ನನ್ನ ಮೂಗ ಉಳಸಾಕ ಹೋಗಿ ನನ್ನ ಜೀವಾನ ತಗೀತಿದ್ಯಲ್ಲೋ!”

ಸಾವಕಾರರು ಮಾತ್ರ ಕರಗಲಿಲ್ಲ. “ಮಾತ ಸಾಕು. ಬರೂ ಅಮಾಸಿಗಿ ಖಾಲಿ ಗಾಡಿ ಘಾಟ ಇಳಿಸಿ ತೋರಸ್ರಿ. ಬ್ರೇಕ್ ಹಿಡದ್ರ ಶಿದ್ರಾಮ ಇರ್ತಾನ, ಇಲ್ಲಂದ್ರ ಇಲ್ಲ.”

“ಖಾಲಿ ಗಾಡಿ ಯಾಕ?” ಎಂದರು ಅವ್ವಾರು. “ನಾ ಕೂಡ್ತೇನಿ. ಗಾಡಿ ನಾತಾ ಹೊಡದ್ರ ಹೊಡೀಲಿ, ಮೂಗ ಮುಚ್ಕೋತೇನಿ.”

ಮಗ ಬೇಡವೆಂದ, ಸೊಸೆ ಬೇಡವೆಂದಳು. ಅವ್ವಾರು ಮತ್ತೆ ಜೋಳದ ಕಡೆ ತಿರುಗಿದರು, ಮಾತು ಮುಗಿಯಿತು.

ಒಂದೂ ಬಿಡದೆ ಗಾಡಿಯ ಎಲ್ಲ ರಬ್ಬರು ಬದಲಿಸಿದೆ. ಕೊಳವೆಗಳನ್ನು ಸ್ಪಿರಿಟಿನಿಂದ ಮೂರು ಸಲ ತೊಳೆದೆ. ಉಸ್ತಾದರು ಬಂದು ಹೊಸ ಎಣ್ಣೆಯನ್ನು ತಾವೇ ತುಂಬಿದರು. ಹೊಗಳಲಿಲ್ಲ, ಬೈಯಲೂ ಇಲ್ಲ, ಹೋಗುವಾಗ ಶಿದ್ರಾಮನಿಗೆ ಚಹಾ ತರಿಸಿದರು.

ಅಮಾವಾಸ್ಯೆ ಬಂತು. ಹೋಗುವಾಗಿನ ದಾರಿ ನೆನಪಿಲ್ಲ. ತಿರುಗಿ ಬರುವಾಗ ಶಿದ್ರಾಮನ ಮಗ್ಗುಲಲ್ಲಿ ನಾನು, ಹಿಂದೆ ಅವ್ವಾರು ಒಬ್ಬರೇ. ಘಾಟಿನ ತಲೆಗೆ ಬಂದಾಗ ನಾನು ಹ್ಯಾಂಡ್‌ಬ್ರೇಕಿನ ಮೇಲೆ ಕೈ ಇಟ್ಟೆ. ಶಿದ್ರಾಮ ಸಣ್ಣ ದನಿಯಲ್ಲಿ ಶಿವಶಿವ ಎನ್ನುತ್ತಿದ್ದ. ಅವ್ವಾರ ಸದ್ದೇ ಇರಲಿಲ್ಲ. ಮೊದಲನೇ ತಿರುವಿನಲ್ಲಿ ಬ್ರೇಕು ಹಿಡಿಯಿತು. ಎರಡನೆಯದರಲ್ಲೂ ಹಿಡಿಯಿತು. ಹೋದ ಸಲ ಗಾಡಿ ತಗಲಿದ್ದ ಮರ ಬಂತು, ಹೋಯಿತು. ಕೊನೆಯ ತಿರುವು ಇಳಿದು ರಸ್ತೆ ಸಪಾಟಾದಾಗ ನಾನು ಹ್ಯಾಂಡ್‌ಬ್ರೇಕಿನಿಂದ ಕೈ ತೆಗೆದೆ. ಎರಡು ತಿಂಗಳ ಭಾರ ಒಮ್ಮೆಲೇ ಇಳಿದಂತಾಗಿ ಕಣ್ಣು ತುಂಬಿದವು. ನೋಡಿದಿರೇನ್ರಿ ಅವ್ವಾರ ಎಂದು ಹೇಳಬೇಕೆಂದು ಹಿಂದೆ ತಿರುಗಿದೆ.

“ಅವ್ವಾರು ಅಂಜ್ಯಾರೇನ್ರಿ?” ಎಂದು ಶಿದ್ರಾಮ ಮೆಲ್ಲಗೆ ಕೇಳಿದ.

“ಇಲ್ಲೋ ಅಣ್ಣಾ. ಮಕ್ಕೊಂಡಾರ.”

ಅವರ ತಲೆ ಕಿಟಕಿಗೆ ಆನಿಕೊಂಡಿತ್ತು, ಬಾಯಿ ತುಸು ತೆರೆದಿತ್ತು. ಘಾಟು ಶುರುವಾಗುವ ಮೊದಲೇ ನಿದ್ದೆ ಹತ್ತಿರಬೇಕು. ನಿಪ್ಪಾಣಿ ಪೇಟೆ ದಾಟುವವರೆಗೂ ಶಿದ್ರಾಮ ಹಾರ್ನ್ ಒತ್ತಲಿಲ್ಲ.